ತಾತನ ಪೆಟ್ಟಿಗೇಲಿ ಸಿಕ್ಕ ಗೊತ್ತಿಲ್ಲದ ಮರಗೆಲಸದ ಸಾಮಾನು: ಯಾವುದು ಏನು, ಯಾತಕ್ಕೆ?

ಪ್ರಶ್ನೆ: ಸಾರ್ ನಮಸ್ತೆ. ನಮ್ಮೂರು ಪಾಂಡವಪುರ ತಾಲೂಕು, ನಾನಿರೋದು ಬೆಂಗಳೂರಲ್ಲಿ. ಹಳೇ ಮನೆ ಕೆಡವೋಕೆ ಅಂತ ಅಟ್ಟ ಖಾಲಿ ಮಾಡುವಾಗ ತಾತನ ಮರದ ಪೆಟ್ಟಿಗೆ ಸಿಕ್ತು. ತಾತ ಹುಟ್ಟಿದ್ದು 1928ರಲ್ಲಿ, ಬಡಗಿ ಕೆಲಸ, ಊರಲ್ಲಿ ಎತ್ತಿನ ಗಾಡಿ ಮಾಡ್ತಿದ್ರು, ಮಧ್ಯೆ ಒಂದಷ್ಟು ವರ್ಷ ಮೈಸೂರಲ್ಲೂ ಇದ್ರು, ಅರಮನೆ ಕಟ್ಟೋ ಕೆಲಸ ಮಾಡಿದ್ರು ಅಂತ ಅಜ್ಜಿ ಹೇಳೋರು. ಪೆಟ್ಟಿಗೇಲಿ ಉಳಿ, ಬಾಚಿ, ಕೊಡತಿ ಗೊತ್ತಾಯ್ತು, ಮಿಕ್ಕಿದ್ದು ಏನೇನೂ ಗೊತ್ತಾಗ್ಲಿಲ್ಲ. ನಂಬರ್ ಹಾಕಿ ಫೋಟೋ ಕಳ್ಸಿದೀನಿ. ಇವೆಲ್ಲ ಏನು, ಯಾತಕ್ಕೆ? ಗ್ರೈಂಡರ್ ಹಾಕ್ಸಿ ಫಳಫಳ ಮಾಡ್ಸಿ ಶೋಕೇಸಲ್ಲಿ ಇಡೋಣ ಅಂತಿದೀನಿ, ಚಿಕ್ಕಪ್ಪ ಗುಜರಿಗೆ ಹಾಕು ಅಂತಿದಾರೆ.

ಉತ್ತರ: ಮೊದಲು ಆ ಗ್ರೈಂಡರ್ ಯೋಚನೆ ಬಿಡಿ, ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ. ಚಿಕ್ಕಪ್ಪ ಗುಜರಿಗೆ ಹಾಕಿದ್ರೆ ಸಾಮಾನು ಹೋಗುತ್ತೆ, ನೀವು ಗ್ರೈಂಡರ್ ಹಾಕ್ಸಿದ್ರೆ ಸಾಮಾನು ಉಳಿಯುತ್ತೆ ಆದ್ರೆ ಅದು ಏನು ಅಂತ ಹೇಳೋ ಗುರುತೆಲ್ಲ ಹೋಗುತ್ತೆ, ಎರಡೂ ಒಂದೇ ಲೆಕ್ಕ. ಹಳೇ ಉಪಕರಣ ಗುರುತು ಹಿಡಿಯೋರು ಆಕಾರ ನೋಡೋದು ಆಮೇಲೆ, ಮೊದಲು ನೋಡೋದು ಸವೆತ: ಕೈ ಎಲ್ಲಿ ಕೂತು ಹಿಡಿ ನುಣುಪಾಗಿದೆ, ಏಟು ಎಲ್ಲಿ ಬಿದ್ದಿದೆ, ಯಾವ ಅಂಚು ಮಸೆದಿದಾರೆ, ಯಾವ ಅಂಚು ಮಸೆದೇ ಇಲ್ಲ. ಆಕಾರ ನೋಡಿ ಊಹೆ ಮಾಡೋಕೆ ಹೋದ್ರೆ ದಾರಿ ತಪ್ಪೋದೇ ಜಾಸ್ತಿ. ನಿಮ್ಮ ಮನೇಲೂ ಅದೇ ಆಗಿದೆ ನೋಡಿ, 1ನೇ ನಂಬರ್ ಫೋಟೋಗೆ "ಪಿಜ್ಜಾ ಕಟ್ ಮಾಡೋ ಥರ ಇದೆ" ಅಂತ ಬರ್ದಿದೀರ.

ಆ ಬಿಲ್ಲೆನೇ ತಗೊಳ್ಳಿ. ಮರದ ಹಿಡಿ, ತುದೀಲಿ ತಿರುಗೋ ಕಬ್ಬಿಣದ ಬಿಲ್ಲೆ, ಅಡ್ಡ ಸುಮಾರು 8 ಇಂಚು ಅಂದಿದೀರ. ಕತ್ತರಿಸೋ ಸಾಮಾನಾದ್ರೆ ಅಂಚು ಮಸೆದಿರ್ಬೇಕಲ್ವಾ? ಇದರ ಅಂಚು ಮೊಂಡು, ಯಾರೂ ಯಾವತ್ತೂ ಮಸೆದಿಲ್ಲ. ಆದ್ರೆ ಅಂಚಿನ ಒಂದು ಜಾಗದಲ್ಲಿ ಉಳೀಲಿ ಹೊಡೆದ ಸಣ್ಣ ಗೀರಿದೆ, ಝೂಮ್ ಮಾಡಿದ್ರೆ ಚೆನ್ನಾಗಿ ಕಾಣುತ್ತೆ, ಎಲ್ಲಾ ಗುಟ್ಟು ಇರೋದು ಆ ಗೀರಲ್ಲೇ. ಇದು ಅಳತೆ ಸಾಮಾನು ಕಣ್ರೀ, ಗಾಡಿ ಚಕ್ರದ ಸುತ್ತಳತೆ ತಗೊಳ್ಳೋಕೆ. ಇಂಗ್ಲೆಂಡಲ್ಲಿ ಇದನ್ನ ಟ್ರಾವೆಲರ್ ಅಂತಾರೆ. ಮರದ ಚಕ್ರದ ಅಂಚಿನ ಮೇಲೆ ಒಂದು ಗೆರೆ ಹಾಕಿ, ಬಿಲ್ಲೆಯ ಗೀರನ್ನ ಆ ಗೆರೆಗೆ ಸರಿಯಾಗಿ ಇಟ್ಟು, ಚಕ್ರದ ಸುತ್ತ ಉರುಳಿಸ್ಕೊಂಡು ಬರೋದು, ಗೀರು ಎಷ್ಟು ಸಲ ಸುತ್ತು ಬಂತು ಅಂತ ಎಣಿಸೋದು, ಕೊನೇಲಿ ಉಳಿದ ಅರ್ಧ ಮುಕ್ಕಾಲಿಗೆ ಸುಣ್ಣದ ಗುರುತು ಹಾಕೋದು. 5 ಅಡಿ ಅಡ್ಡಗಲದ ಚಕ್ರ ಅಂದ್ರೆ ಸುತ್ತಳತೆ ಹತ್ತಿರ ಹತ್ತಿರ 15 ಮುಕ್ಕಾಲು ಅಡಿ, ನಿಮ್ಮ 8 ಇಂಚಿನ ಬಿಲ್ಲೆ ಅದರ ಮೇಲೆ ಏಳೂವರೆ ಸುತ್ತು ಹೊಡೆಯುತ್ತೆ. ಆಮೇಲೆ ಅದೇ ಲೆಕ್ಕವನ್ನ ಕಬ್ಬಿಣದ ಪಟ್ಟಿ ಮೇಲೆ ಉರುಳಿಸಿ, ಬೇಕಂತಲೇ ಸ್ವಲ್ಪ ಕಮ್ಮಿ ಇಟ್ಟು ಪಟ್ಟಿ ಕತ್ತರಿಸಿ ಬೆಸೀತಾರೆ. ಇಂಚು ಅಡಿ ಓದೋಕೆ ಬರದೇ ಇದ್ರೂ ಪರವಾಗಿಲ್ಲ, ಸುತ್ತು ಎಣಿಸೋಕೆ ಬಂದ್ರೆ ಸಾಕು. ದಾರ ಸುತ್ತಿ ಅಳೆದ್ರೂ ಆಗುತ್ತೆ, ಆದ್ರೆ ದಾರ ಎಳೆದ್ರೆ ಉದ್ದ ಆಗುತ್ತಲ್ಲ, ಇಲ್ಲಿ ಕಾಲಿಂಚು ಹೆಚ್ಚುಕಮ್ಮಿ ಆದ್ರೂ ಕೆಲಸ ಕೆಡುತ್ತೆ.

ಯಾಕೆ ಕೆಡುತ್ತೆ ಅಂದ್ರೆ, ಪಟ್ಟಿ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗೇ ಇರ್ಬೇಕು. ಬೆರಣಿ ಸೌದೆ ಸುತ್ತ ಒಟ್ಟಿ ಬೆಂಕಿ ಹಾಕಿ ಕೆಂಪಗೆ ಕಾಯಿಸ್ತಾರೆ, 600 ಡಿಗ್ರಿ ಆಸುಪಾಸು ಬಂದಾಗ ಅಷ್ಟು ಉದ್ದದ ಪಟ್ಟಿ ಸುಮಾರು ಒಂದೂಕಾಲರಿಂದ ಒಂದೂವರೆ ಇಂಚು ಹಿಗ್ಗುತ್ತೆ, ಆಗ ಇಕ್ಕಳದಲ್ಲಿ ಎತ್ತಿ ಮರದ ಚಕ್ರದ ಮೇಲೆ ಕೂರಿಸಿ, ಮರ ಹೊಗೆಯಾಡೋಕೆ ಶುರು ಮಾಡ್ತಿದ್ದ ಹಾಗೇ ಸುತ್ತ ನೀರು ಹುಯ್ತಾರೆ. ಪಟ್ಟಿ ಕುಗ್ಗಿ ನಡುವಿನ ಗುಂಬ, ಅದರಿಂದ ಹೊರಟ ಅರೆ ಕಡ್ಡಿಗಳು, ಸುತ್ತಿನ ಬಾಗಿದ ಮರದ ತುಂಡುಗಳು ಎಲ್ಲಾನೂ ಒಳಕ್ಕೆ ಹಿಂಡಿ ಕಟ್ಟಿಹಾಕುತ್ತೆ. ಮೊಳೆ ಅಂಟು ಯಾವುದೂ ಮಾಡದ ಕೆಲಸ ಅದು. ಪಟ್ಟಿ ಜಾಸ್ತಿ ಚಿಕ್ಕದಾದ್ರೆ ಅರೆಗಳು ಬಾಗುತ್ತವೆ ಇಲ್ಲಾ ಚಕ್ರವೇ ಬಟ್ಟಲಾಗುತ್ತೆ, ದೊಡ್ಡದಾದ್ರೆ ಬೇಸಿಗೇಲಿ ಮರ ಒಣಗಿದಾಗ ಪಟ್ಟಿ ಕಳಚಿ ದಾರೀಲಿ ಬೀಳುತ್ತೆ. ನಿಮ್ಮ ಕಡೆ ಕಬ್ಬಿನ ಗಾಡಿಗಳು ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಸಾಲುಗಟ್ಟಿ ಹೋಗ್ತಿದ್ದ ಕಾಲದಲ್ಲಿ ಈ ಕೆಲಸ ಗೊತ್ತಿದ್ದವರಿಗೆ ಬಿಡುವೇ ಇರ್ತಿರ್ಲಿಲ್ಲ, ಈಗ ಟೈರ್ ಚಕ್ರ ಬಂತು, ಬಿಲ್ಲೆ ಅಟ್ಟ ಸೇರ್ತು.

2ನೇದು ತಗಡಿನ ಡಬ್ಬೀಲಿದ್ದ, ಅರ್ಧ ಎಲೆ ಆಕಾರದ, ತೂತಿರೋ ಕಬ್ಬಿಣದ ಬಿಲ್ಲೆಗಳು. "ಯಾವುದೋ ಕಿಟಕಿ ಹಿಂಜು" ಅಂದ್ಕೊಂಡಿದೀರ. ಎತ್ತಿನ ಲಾಳ ಅದು, ಗೊರಸು ಎರಡು ಸೀಳಿರೋದ್ರಿಂದ ಒಂದು ಕಾಲಿಗೆ ಎರಡು ತುಂಡು. ಮರಗೆಲಸದ್ದಲ್ಲ, ಗಾಡಿ ರಿಪೇರಿಗೆ ಬಂದವರು ಬಿಟ್ಟುಹೋಗಿರ್ಬೇಕು. ಬೆಂಗಳೂರು ಸೇರಿದವರಿಗೆ ಲಾಳನೂ ನಿಗೂಢ ವಸ್ತು ಆಯ್ತಲ್ಲಪ್ಪಾ, ಇರ್ಲಿ.

3ನೇದು ನನಗೆ ಬಹಳ ಖುಷಿ ಕೊಟ್ಟಿದ್ದು. ಒಂದು ಅಡಿ ಉದ್ದದ ದುಂಡು ಮರ, ಎರಡೂ ಕಡೆ ಹಿಡಿ, ನಡುವೆ ದಪ್ಪ, ಆ ದಪ್ಪದಲ್ಲಿ ಒಂದು ಸೀಳು, ಸೀಳಲ್ಲಿ ಒಂದು ಮರದ ಬೆಣೆ. ಲಟ್ಟಣಿಗೆ ಅಲ್ಲ, ನೊಗದ ತುಂಡೂ ಅಲ್ಲ. ಅದೇ ಪತ್ರದಲ್ಲಿ ನೀವು ಪ್ರಶ್ನೆ ಅಂತ ಕೇಳದೇ ಸುಮ್ನೆ ಬರ್ದಿದೀರ ನೋಡಿ, "ಕೊಟ್ಟಿಗೆ ಗೋಡೆಗೆ ಆಳುದ್ದಕ್ಕಿಂತ ಉದ್ದದ ತುಕ್ಕು ಹಿಡಿದ ಹಲ್ಲಿನ ತಗಡು ನೇತಾಕಿದಾರೆ" ಅಂತ. ಅದಕ್ಕೂ ಇದಕ್ಕೂ ಜೋಡಿ! ದಿಮ್ಮಿ ಕೊಯ್ಯೋ ದೊಡ್ಡ ಗರಗಸ ಅದು, ಇದು ಅದರ ಕೆಳಗಿನ ಹಿಡಿ. ಎತ್ತರದ ಕವಲಿನ ಮೇಲೆ ದಿಮ್ಮಿ ಏರಿಸಿ ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಹಲಗೆ ಕೊಯ್ಯುವಾಗ, ಮೇಲಿನವನ ಹಿಡಿ ಗರಗಸಕ್ಕೆ ಗಟ್ಟಿಯಾಗಿ ಕೂತಿರುತ್ತೆ, ಕೆಳಗಿನವನದ್ದು ಮಾತ್ರ ಬೆಣೆ ಹೊಡೆದು ಬಿಗಿಯೋದು ಬೆಣೆ ಬಿಚ್ಚಿ ತೆಗೆಯೋದು. ಕಾರಣ ಸರಳ: ಕೊಯ್ತಾ ಕೊಯ್ತಾ ದಿಮ್ಮಿ ಹೊತ್ತಿರೋ ಅಡ್ಡಮರದ ಹತ್ರ ಬಂದಾಗ ಗರಗಸವನ್ನ ಮೇಲಕ್ಕೆ ಎಳ್ಕೊಂಡು ಆಚೆ ಪಕ್ಕಕ್ಕೆ ಮತ್ತೆ ಇಳಿಸ್ಬೇಕು, ಕೆಳಗೆ ಹಿಡಿ ಇದ್ರೆ ಕೊಯ್ದ ಸಂದಿಯಿಂದ ಮೇಲೆ ಬರೋದಿಲ್ಲ. ಹಲ್ಲುಗಳನ್ನ ನೋಡಿ, ಎಲ್ಲಾ ಒಂದೇ ಕಡೆ, ಕೆಳಮುಖವಾಗಿ ವಾಲಿರ್ಬೇಕು, ಅಂದ್ರೆ ಕೊಯ್ಯೋದು ಕೆಳಗೆ ಎಳೆಯುವಾಗ ಮಾತ್ರ. ಮೇಲಿನವನು ಗೆರೆ ನೋಡ್ಕೊಂಡು ದಾರಿ ತೋರಿಸೋನು, ಕೆಳಗಿನವನಿಗೆ ಎಳೆತ ಮತ್ತು ಕಣ್ಣು ಮೂಗಿನ ತುಂಬ ಹೊಟ್ಟು. ಕೂಲಿ ಇಬ್ಬರಿಗೂ ಒಂದೇ ಕೊಡ್ತಿದ್ರಾ ಅಂತ ನನಗೆ ಯಾವಾಗ್ಲೂ ಅನುಮಾನ.

4ನೇ ಸಣ್ಣ ಉಕ್ಕಿನ ಪಟ್ಟಿ, ಅಂಚಲ್ಲಿ ಬೇರೆ ಬೇರೆ ಅಗಲದ ಸೀಳುಗಳು, ಅದೂ ಗರಗಸದ್ದೇ. ಗರಗಸದ ಹಲ್ಲನ್ನ ಒಂದು ಎಡಕ್ಕೆ ಒಂದು ಬಲಕ್ಕೆ ಸ್ವಲ್ಪ ಬಗ್ಗಿಸಿರ್ಬೇಕು, ಇಲ್ಲಾಂದ್ರೆ ಕೊಯ್ದ ಸಂದಿ ತಗಡಿನಷ್ಟೇ ಅಗಲ ಆಗಿ ಅರ್ಧಕ್ಕೇ ಸಿಕ್ಕಾಕೊಳ್ಳುತ್ತೆ. ಆ ಸೀಳಿಗೆ ಹಲ್ಲು ತೂರಿಸಿ ಬಗ್ಗಿಸೋದು. ತೆಳು ಗರಗಸಕ್ಕೆ ಕಿರಿದು ಸೀಳು, ದಪ್ಪಕ್ಕೆ ಅಗಲದ್ದು, ಅಷ್ಟೇ.

5ರಲ್ಲಿರೋದು ಮರಕ್ಕೆ ತೂತು ಕೊರೆಯೋ ಬೈರಿಗೆ ಅಲಗುಗಳು, ಸುರುಳಿ ಸುತ್ತಿದ ಕಡ್ಡಿ, ಇನ್ನೊಂದು ತುದಿ ಚೌಕ. "8, 10, 16 ಅಂತ ನಂಬರ್ ಇದೆ, ಮಿಲಿಮೀಟರಾ?" ಅಂತ ಕೇಳಿದೀರ. ಅಲ್ಲ, ಇಂಚನ್ನ 16 ಭಾಗ ಮಾಡಿ ಅದರಲ್ಲಿ ಎಷ್ಟು ಅಂತ. 8 ಅಂದ್ರೆ ಅರ್ಧ ಇಂಚು, 16 ಅಂದ್ರೆ ಪೂರ್ತಿ ಒಂದಿಂಚು. ತುದೀಲಿ ಸಣ್ಣ ಸ್ಕ್ರೂ ಇದೆಯಲ್ಲ ಅದು ಮರವನ್ನ ಕಚ್ಚಿ ಅಲಗನ್ನ ತಾನೇ ಒಳಕ್ಕೆ ಎಳ್ಕೊಳ್ಳುತ್ತೆ, ಅದನ್ನ ಮಾತ್ರ ಅರ ಹಾಕಿ ಉಜ್ಜಬೇಡಿ, ಅದು ಹೋದ್ರೆ ಅಲಗು ಮುಗೀತು. ಇದನ್ನ ಎಲೆಕ್ಟ್ರಿಕ್ ಡ್ರಿಲ್ಲಿಗೆ ಸಿಕ್ಕಿಸೋಕೂ ಹೋಗ್ಬೇಡಿ, ಕೈ ತಿರುಚ್ಕೊಳ್ಳುತ್ತೆ.

ಇಲ್ಲೀವರೆಗೂ ಊರಿನ ಬಡಗಿ ಕೆಲಸ. ಇಲ್ಲಿಂದ ಮುಂದೆ ಪೆಟ್ಟಿಗೆ ಬೇರೇನೇ ಮಾತಾಡುತ್ತೆ, ಗಾಡಿ ಮಾಡೋನಿಗೆ 6, 7, 8 ನಂಬರಿನ ಸಾಮಾನು ಜನ್ಮದಲ್ಲಿ ಬೇಕಾಗಲ್ಲ.

6ನೇದು ಪುಟ್ಟ ಹತ್ತರಿ, ಅಂದ್ರೆ ಉಜ್ಜುಗೊರಡು. "ಬ್ಲೇಡು ಹಾಳಾಗಿದೆ, ಪೂರ್ತಿ ಗೆರೆ ಗೆರೆ ಬಿದ್ದಿದೆ, ಹೊಸದು ಹಾಕಿಸ್ಲಾ" ಅಂದಿದೀರ. ದಯವಿಟ್ಟು ಬೇಡ! ಆ ಗೆರೆಗಳನ್ನ ಬೇಕಂತಲೇ ಮಾಡಿರೋದು, ಬ್ಲೇಡಿನ ಬೆನ್ನಲ್ಲಿ ಉದ್ದಕ್ಕೆ ಸಮ ಸಮ ಅಂತರದಲ್ಲಿ ಇವೆ, ತುಕ್ಕು ಇಷ್ಟು ನೀಟಾಗಿ ತಿನ್ನಲ್ಲ. ಬ್ಲೇಡ್ ನಿಂತಿರೋದೂ ನೋಡಿ, ಮಾಮೂಲಿ ಹತ್ತರೀಲಿ ಓರೆಯಾಗಿ ಮಲಗಿರುತ್ತೆ, ಇದರಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ನಿಂತಿದೆ. ಇದು ನುಣುಪು ಮಾಡೋ ಹತ್ತರಿ ಅಲ್ಲ, ಒರಟು ಮಾಡೋ ಹತ್ತರಿ. ಬೀಟೆ ಮರದ ತೆಳು ಪದರ ಅಂಟಿಸೋಕೆ ಮುಂಚೆ ಕೆಳಗಿನ ಹಲಗೆ ಮೇಲೆ ಇದನ್ನ ಉದ್ದಕ್ಕೆ ಅಡ್ಡಕ್ಕೆ ಓಡಿಸಿದ್ರೆ ಸಣ್ಣ ಸಣ್ಣ ಗೀರು ಬೀಳುತ್ತೆ, ಮೇಲೆ ಕೆಳಗೆ ಇದ್ದ ಉಬ್ಬು ತಗ್ಗೂ ಸಮ ಆಗುತ್ತೆ, ಅಂಟು ಕೂರುತ್ತೆ. ಬೀಟೆಯ ಹಾಗೆ ನಾರು ಅತ್ತ ಇತ್ತ ತಿರುಗಿರೋ ಮರವನ್ನ ಮಾಮೂಲಿ ಹತ್ತರಿ ಕಿತ್ತು ಹಾಕುತ್ತಲ್ಲ, ಅಂಥ ಕಡೆ ಮೊದಲು ಇದನ್ನ ಆಡಿಸಿ ಆಮೇಲೆ ಕೆರೆದು ನುಣುಪು ಮಾಡೋದೂ ಉಂಟು. ಮಸೆಯೋದಾದ್ರೆ ಇಳಿಜಾರಿನ ಕಡೆ ಮಾತ್ರ ಮಸೀಬೇಕು, ಗೆರೆ ಇರೋ ಬೆನ್ನನ್ನ ಸಾಣೆಕಲ್ಲಿಗೆ ಮುಟ್ಟಿಸಿದ್ರೆ ಹಲ್ಲೆಲ್ಲ ಸವೆದುಹೋಗುತ್ತೆ.

7ನೇದನ್ನ ಸುತ್ತಿಗೆ ಅಂತ ಬರ್ದಿದೀರ, "ಮರದ ತಲೆ, ಅಂಚಿಗೆ ಹಿತ್ತಾಳೆ ಪಟ್ಟಿ, ಆದ್ರೆ ಹೊಡೆಯೋಕೆ ಅನುಕೂಲಾನೇ ಇಲ್ಲ." ಸರಿಯಾಗೇ ಗಮನಿಸಿದೀರ, ಅದು ಹೊಡೆಯೋದಕ್ಕಲ್ಲ. ಎಲ್ಲೂ ಒಂದು ಏಟಿನ ಗುರುತು ಇಲ್ಲ, ಹಿತ್ತಾಳೆ ಅಂಚು ಮಾತ್ರ ಉಜ್ಜಿ ಉಜ್ಜಿ ದುಂಡಾಗಿದೆ, ತಲೆ ಪಕ್ಕದಲ್ಲಿ ಕಂದು ಬಣ್ಣದ ಗಟ್ಟಿ ಹನಿಗಳು ಅಂಟಿವೆ. ಆ ಹನಿ ಮರವಜ್ರ, ಚರ್ಮ ಮೂಳೆ ಬೇಯಿಸಿ ಮಾಡೋ ಹಳೇ ಕಾಲದ ಅಂಟು. ಬಿಸಿ ಅಂಟು ಬಳಿದು ತೆಳು ಪದರ ಹಾಸಿ, ಈ ಸಾಮಾನಿನ ತಲೆ ಮೇಲೆ ಒಂದು ಕೈ ಭಾರ ಹಾಕಿ, ನಡುವಿಂದ ಅಂಚಿನ ಕಡೆ ಓರೆ ಓರೆಯಾಗಿ ತಳ್ಳಿದ್ರೆ ಮಿಕ್ಕ ಅಂಟು, ಗಾಳಿ ಎಲ್ಲಾ ಹೊರಗೆ ಬರುತ್ತೆ. ಒಂದರೊಳಗೆ ಒಂದು ಕೂರೋ ಎರಡು ಎರಕದ ಪಾತ್ರೆ ಇದೆಯಲ್ಲ 8ನೇದು, ನಿಮ್ಮತ್ತೆ ಡಿಕಾಕ್ಷನ್ ಪಾತ್ರೆ ಅಂದಿದ್ದು, ಅದು ಈ ಅಂಟು ಕಾಯಿಸೋದು. ಹೊರಗಿನದಕ್ಕೆ ನೀರು, ಒಳಗಿನದಕ್ಕೆ ಅಂಟು. ನೇರವಾಗಿ ಬೆಂಕಿಗೆ ಇಟ್ಟು ಕುದಿಸಿದ್ರೆ ಅಂಟಿನ ಶಕ್ತಿ ಹೋಗುತ್ತೆ, 60 ಡಿಗ್ರಿ ಹತ್ರ ಹತ್ರ ಇದ್ರೆ ಸಾಕು. ಈಗಿನ ಬಿಳಿ ಫೆವಿಕಾಲ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಂದ್ರೆ, ಬಿಸಿ ಮತ್ತು ತೇವ ಕೊಟ್ರೆ ನೂರು ವರ್ಷ ಆದ್ಮೇಲೂ ಮರವಜ್ರ ಬಿಟ್ಕೊಳ್ಳುತ್ತೆ, ಅದ್ಕೇ ಹಳೇ ಕುರ್ಚಿ ಮೇಜು ರಿಪೇರಿ ಸಲೀಸು. ಆ ಪಾತ್ರೇಲಿ ಕಾಫಿ ಮಾಡೋದು ಬೇಡ ಅಂತ ಅತ್ತೆಗೆ ಹೇಳಿ.

9ನೇದು ಐದು ಕಿರಿದಾದ ಮರದ ಹತ್ತರಿಗಳು. ತಳ ನೋಡಿ, ಕೆಲವದ್ದು ಉಬ್ಬು ಕೆಲವದ್ದು ತಗ್ಗು. ಬಾಗಿಲ ಚೌಕಟ್ಟು, ಬೀರು, ಮೇಜಿನ ಅಂಚಲ್ಲಿ ಅಲೆ ಅಲೆ ಗೆರೆ ಬರುತ್ತಲ್ಲ, ಈಗ ರೂಟರ್ ಮಷೀನ್ ಹಾಕಿ ಎರಡು ನಿಮಿಷಕ್ಕೆ ಹೊಡೀತಾರೆ, ಆಗ ಇವುಗಳಲ್ಲೇ ತಳ್ಳಿ ತಳ್ಳಿ ತೆಗೀತಿದ್ದದ್ದು. ಉಬ್ಬು ತಳದ್ದು ತಗ್ಗು ಕೊರೆಯುತ್ತೆ, ತಗ್ಗು ತಳದ್ದು ಉಬ್ಬು ಕೊರೆಯುತ್ತೆ, ಅದ್ಕೆ ಇವು ಯಾವಾಗ್ಲೂ ಜೋಡಿ. ಹಿಂದಿನ ತುದೀಲಿ ಒತ್ತಿರೋ ನಂಬರ್ ಸೈಜಿನದ್ದು, ಜೋಡಿಗೆ ಒಂದೇ ನಂಬರ್. ನಿಮ್ಮಲ್ಲಿ 6 ಎರಡು, 10 ಎರಡು, 14 ಒಂದೇ ಇದೆ, ಅಂದ್ರೆ 14ರ ಜೊತೆಗಾರ ಎಲ್ಲೋ ತಪ್ಪಿಸ್ಕೊಂಡಿದೆ. ಪೂರ್ತಿ ಸೆಟ್ ಅಂದ್ರೆ 18 ಜೋಡಿ, ಸಾಮಾನ್ಯ ಬಡಗಿಗಳು ಅಷ್ಟೆಲ್ಲ ಇಟ್ಕೋತಿರ್ಲಿಲ್ಲ, ಬೇಕಾದ ಮೂರು ನಾಲ್ಕು ಜೋಡೀಲೇ ಬದುಕು.

ಮುಂದಿನ ತುದೀಲಿ "ಮ್ಯಾಥೀಸನ್, ಗ್ಲಾಸ್ಗೋ" ಅಂತ ಒತ್ತಿದೆ. ತಯಾರಕರ ಹೆಸರು ಅದು, 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ದೊಡ್ಡ ಉಪಕರಣ ಕಂಪನಿ. ಪಕ್ಕದಲ್ಲಿ ಚಾಕೂಲಿ ಕೆತ್ತಿರೋ "ನಂ" ಅನ್ನೋ ಕನ್ನಡ ಅಕ್ಷರ ಒಡೆಯನ ಗುರುತು, ಹತ್ತು ಜನ ಒಟ್ಟಿಗೆ ಕೆಲಸ ಮಾಡೋ ಕಡೆ ಸಾಮಾನು ಅದಲು ಬದಲು ಆಗದೇ ಇರ್ಲಿ ಅಂತ ಹಾಕ್ಕೊಳ್ಳೋರು. ಒಂದೊಂದರ ಉದ್ದ ಅಳೆದು ನೋಡಿ, ಒಂಬತ್ತೂವರೆ ಇಂಚು ಬಂದ್ರೆ ಇಂಗ್ಲಿಷ್ ಅಳತೆ, ಮರ ತಿಳಿ ಕಂದು ಬಣ್ಣ, ಮೈಮೇಲೆ ಸಣ್ಣ ಸಣ್ಣ ಚುಕ್ಕೆ ಇದ್ರೆ ಅದು ಬೀಚ್ ಮರ, ನಮ್ಮ ಕಡೆ ಬೆಳೆಯಲ್ಲ. 10ರ ಜೋಡೀಲಿ ಒಂದು ಮಾತ್ರ ಕಪ್ಪಗೆ ಭಾರವಾಗಿದೆ, ಹೆಸರಿಲ್ಲ ಅಂದಿದೀರ. ಅದು ಕೆಟ್ಟುಹೋದ ವಿಲಾಯ್ತಿದನ್ನ ನೋಡ್ಕೊಂಡು ಇಲ್ಲೇ ಬೀಟೇಲಿ ಮಾಡ್ಕೊಂಡಿರೋದು. ಐದರಲ್ಲಿ ನನಗೆ ಬೇಕಾದ್ದು ಆರಿಸ್ಕೋ ಅಂದ್ರೆ ಅದನ್ನೇ ಆರಿಸ್ತೀನಿ.

ಬ್ಲೇಡಿನ ಮೇಲೆ "ಕಾಸ್ಟ್ ಸ್ಟೀಲ್" ಅಂತ ಇದ್ರೆ ಎರಕದ ಕಬ್ಬಿಣ ಅಂದ್ಕೊಂಡು ಕಡೆಗಣಿಸಬೇಡಿ, ಮೂಸೆಯಲ್ಲಿ ಕರಗಿಸಿ ಮಾಡಿದ ಒಳ್ಳೇ ಉಕ್ಕು ಅಂತ ಅರ್ಥ. ಇಂಗ್ಲೆಂಡಿನ ಶೆಫೀಲ್ಡಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಇದನ್ನ 1740ರ ದಶಕದಲ್ಲಿ ಶುರು ಮಾಡಿದ್ದು. ನಮ್ಮ ಮೈಸೂರು ಸೀಮೇಲೂ ಮೂಸೆಯಲ್ಲಿ ಉಕ್ಕು ಮಾಡ್ತಿದ್ರು, 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಇಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನ ಕಣ್ಣಾರೆ ನೋಡಿ ಬರೆದಿಟ್ಟಿದಾನೆ, ಆಮೇಲೆ ವಿಲಾಯ್ತಿ ಮಾಲು ಬಂದು ಆ ಕುಲುಮೆಗಳೆಲ್ಲ ಆರಿಹೋದ್ವು.

ಈಗ ಅಜ್ಜಿ ಹೇಳಿದ ಅರಮನೆ ವಿಷಯ. ಬೇಜಾರು ಮಾಡ್ಕೋಬೇಡಿ, ಮೈಸೂರು ಸುತ್ತಮುತ್ತ ಪ್ರತಿಯೊಬ್ಬ ಬಡಗಿ ಮನೇಲೂ ಒಂದು ಅರಮನೆ ಕಥೆ ಇರುತ್ತೆ. ಹಳೇ ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಈಗಿನದ್ದು ಹೆನ್ರಿ ಇರ್ವಿನ್ ನಕ್ಷೆ ಪ್ರಕಾರ ಕಟ್ಟಿ ಮುಗಿದಿದ್ದು 1912ರಲ್ಲಿ. 1928ರಲ್ಲಿ ಹುಟ್ಟಿದವರು ಅದನ್ನ ಕಟ್ಟೋಕೆ ಸಾಧ್ಯ ಇಲ್ಲ. ಆದ್ರೆ ಅಜ್ಜಿ ಮಾತು ಪೂರ್ತಿ ಗಾಳಿಮಾತೂ ಅಲ್ಲ ಅಂತ ಪೆಟ್ಟಿಗೆ ಹೇಳ್ತಿದೆ. ಹಲ್ಲಿನ ಹತ್ತರಿ, ಅಂಟು ತಳ್ಳೋ ಸಾಮಾನು, ಅಂಟಿನ ಪಾತ್ರೆ ಮೂರೂ ಒಟ್ಟಿಗೆ ಒಬ್ಬರ ಹತ್ರ ಇದ್ರೆ ಅವರು ಪದರ ಅಂಟಿಸೋ ಒಳ್ಳೇ ದರ್ಜೆ ಫರ್ನಿಚರ್ ಕೆಲಸದಲ್ಲಿ ಕೂತಿದ್ದವರೇ. ಮೈಸೂರಲ್ಲಿ ಬೀಟೆ ಮರದ ಮೇಲೆ ಇನ್‌ಲೇ ಕೆಲಸ, ಅಂದ್ರೆ ಮರ ಕೊರೆದು ಬೇರೆ ಬಣ್ಣದ ತುಂಡು ಕೂರಿಸಿ ಚಿತ್ತಾರ ಮಾಡೋ ಕೆಲಸ, ಮಾಡೋ ಮನೆಗಳು ಮಂಡಿ ಮೊಹಲ್ಲಾ ಕಡೆ ಇದ್ವು, ಈಗಲೂ ಇವೆ, ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೇಲಿ ಇಂಥ ಕೆಲಸ ಕಲಿಸ್ತಾನೂ ಇದ್ರು. ತಾತ ಅಂಥ ಯಾವುದೋ ಕಡೆ ಇದ್ದು, ಊರಿಗೆ ವಾಪಸ್ ಬಂದು ಗಾಡಿ ಕೆಲಸ ಹಿಡಿದಿರ್ಬೇಕು ಅನ್ನೋದು ನನ್ನ ಲೆಕ್ಕ. ಸವೆತನೂ ಹಾಗೇ ಇದೆ, ಗಾಡಿ ಸಾಮಾನು ಚೆನ್ನಾಗಿ ಸವೆದಿದೆ, ಫರ್ನಿಚರ್ ಸಾಮಾನು ಕಮ್ಮಿ ಸವೆದಿದೆ. ಮ್ಯಾಥೀಸನ್ ಹತ್ತರಿಗಳು ತಾತನಿಗಿಂತ ವಯಸ್ಸಾದವು, ಅವರ ಅಪ್ಪನದ್ದೋ ಕಲಿಸಿದವರದ್ದೋ ಆಗಿರಬಹುದು. "ನಂ" ಯಾರ ಹೆಸರಿನ ಮೊದಲಕ್ಷರ ಅಂತ ಮನೇಲಿ ಹಿರಿಯರನ್ನ ಕೇಳಿ, ಮುತ್ತಾತನ ಹೆಸರು ನಂಜುಂಡನೋ ನಂಜಪ್ಪನೋ ಆಗಿದ್ರೆ ಅರಮನೆ ಕಥೆಗೆ ಒಂದು ತಲೆಮಾರು ಹಿಂದಕ್ಕೆ ಹೋಗಿ ಜಾಗ ಸಿಗುತ್ತೆ.

ಕ್ಲೀನಿಂಗ್ ಬಗ್ಗೆ. ನೀರು ಬೇಡ, ಬಿಸಿಲಲ್ಲಿ ಒಣಗಿಸೋದೂ ಬೇಡ, ಮರ ಸೀಳುತ್ತೆ. ಹಳೇ ಟೂತ್‌ಬ್ರಷ್ಷಲ್ಲಿ ಧೂಳು ತೆಗೀರಿ, ಕಬ್ಬಿಣದ ಭಾಗಕ್ಕೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಒರಟು ಬಟ್ಟೇಲಿ ಒರೆಸಿ, ಕೆಂಪು ತುಕ್ಕು ಬಿಟ್ಟು ಹೋದ್ರೆ ಸಾಕು, ಕೆಳಗಿನ ಕಪ್ಪು ಬಣ್ಣ ಹಾಗೇ ಇರ್ಲಿ, ಅದು ಕೊಳೆ ಅಲ್ಲ. ಹತ್ತರಿಯ ಬ್ಲೇಡ್ ಬಿಚ್ಚೋಕೆ ಬೆಣೆಯನ್ನ ಇಕ್ಕಳದಲ್ಲಿ ಹಿಡಿದು ಎಳೆಯೋರು ಬಹಳ, ಬೆಣೆ ಮುರಿಯೋದು ಹಾಗೇನೇ. ಹತ್ತರಿಯ ಹಿಂದಿನ ತುದಿಗೆ ಕೊಡತೀಲಿ ನಿಧಾನಕ್ಕೆ ತಟ್ಟಿ, ಬ್ಲೇಡು ಬೆಣೆ ಎರಡೂ ಸಡಿಲ ಆಗುತ್ತೆ. ಹಿಟ್ಟು ಉದುರ್ತಿದ್ರೆ ಒಳಗೆ ಹುಳ ಇದೆ, ಆ ಒಂದನ್ನ ಬೇರೆ ಕವರಲ್ಲಿ ಕಟ್ಟಿಡಿ, ಮಿಕ್ಕಿದ್ದಕ್ಕೆ ಹತ್ತದೇ ಇರ್ಲಿ. ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಒಂದು ಸಲ ಹಚ್ಚಿದ್ರೆ ಸಾಕು, ವಾರ್ನಿಶ್ ಬೇಡವೇ ಬೇಡ. ಆ ಎಣ್ಣೆ ಬಟ್ಟೆಯನ್ನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹೊತ್ಕೊಳ್ಳುತ್ತೆ, ಹರವಿ ಒಣಗಿಸಿ ಇಲ್ಲಾ ನೀರಲ್ಲಿ ಅದ್ದಿ ಬಿಸಾಕಿ.

ಗುಜರಿಗೆ ಹಾಕಿದ್ರೆ ಕೆಜಿ ಲೆಕ್ಕದಲ್ಲಿ ಕಬ್ಬಿಣದ ರೇಟು ಬರುತ್ತೆ, ಮರಕ್ಕೆ ಅದೂ ಇಲ್ಲ. ಮನೇಲಿ ಇಟ್ಕೊಳ್ಳೋಕೆ ಜಾಗ ಇಲ್ಲಾಂದ್ರೆ ಗಾಡಿ ಸಾಮಾನನ್ನ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ, ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ವಿಚಾರಿಸಿ, ಇಲ್ಲಾ ನೀವು ಊರಿಗೆ ಹೋಗೋ ದಾರೀಲೇ ರಾಮನಗರದ ಜಾನಪದ ಲೋಕ ಇದೆ. ಕೊಡೋದಾದ್ರೆ ಬಿಲ್ಲೆ, ಗರಗಸ, ಅದರ ಹಿಡಿ ಒಟ್ಟಿಗೆ ಕೊಡಿ, ಹಿಡಿ ಒಂದನ್ನೇ ಕೊಟ್ರೆ ನಾಳೆ ಅಲ್ಲಿಯವರೂ ಇದು ಲಟ್ಟಣಿಗೆ ಅಂದ್ಕೋತಾರೆ. ಪೆಟ್ಟಿಗೆಯ ಫರ್ನಿಚರ್ ಭಾಗ ನಿಮ್ಮ ಹತ್ರ ಇರ್ಲಿ ಅನ್ನೋದು ನನ್ನ ಅಭಿಪ್ರಾಯ, ಕೇಳಿಲ್ಲದಿದ್ರೂ ಹೇಳ್ತಿದೀನಿ.

ಕೊನೇದಾಗಿ 10ನೇ ಫೋಟೋ, ಬಟ್ಟೆ ಗಂಟಲ್ಲಿದ್ದ ಸಣ್ಣ ಬಿಳಿ ತುಂಡುಗಳು. ಇದರಲ್ಲಿ ಹುಷಾರು. ಇನ್‌ಲೇಗೆ ಆಗ ಆನೆ ದಂತ ಬಳಸ್ತಿದ್ರು, ಮೂಳೆನೂ ಬಳಸ್ತಿದ್ರು, ಈಗ ಪ್ಲಾಸ್ಟಿಕ್. ಒಂದು ತುಂಡಿನ ಅಡ್ಡ ಕೊಯ್ದ ಮುಖವನ್ನ ಭೂತಗನ್ನಡೀಲಿ ನೋಡಿ: ಸಣ್ಣ ಸಣ್ಣ ಕಪ್ಪು ಚುಕ್ಕೆ, ಗುಳಿ ಕಂಡ್ರೆ ಮೂಳೆ, ಒಂದರ ಮೇಲೊಂದು ಹಾಯ್ದ ಬಾಗಿದ ತೆಳು ಗೆರೆಗಳು ಜಾಲದ ಥರ ಕಂಡ್ರೆ ದಂತ, ಏನೂ ಇಲ್ಲದೇ ಒಂದೇ ಸಮ ಇದ್ರೆ ಪ್ಲಾಸ್ಟಿಕ್. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ತುಂಡು ಸುಮ್ನೆ ಕೆಡುತ್ತೆ. ದಂತ ಅನ್ಸಿದ್ರೆ ಯಾರಿಗೂ ಮಾರಬೇಡಿ, ದುಡ್ಡಿಲ್ದೆ ಕೊಡೋಕೂ ಹೋಗ್ಬೇಡಿ, ಆನ್‌ಲೈನಲ್ಲಿ ಫೋಟೋ ಹಾಕಿ ರೇಟ್ ಕೇಳೋದಂತೂ ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡಿ ಕೇಸಾಗುತ್ತೆ, ತಾತಂದು ಅಂದ್ರೂ ಬಿಡಲ್ಲ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಸಿಕ್ಕ ವಿಷಯ ಇದ್ದ ಹಾಗೇ ಹೇಳಿ, ಬರವಣಿಗೇಲಿ ಕೊಟ್ಟು ಬನ್ನಿ. ಮನೆ ಕೆಡವೋದು ಅದಾದ್ಮೇಲೆ ಇಟ್ಕೊಳ್ಳಿ, ಅಷ್ಟರಲ್ಲಿ ಅಟ್ಟದಲ್ಲಿ ಆ 14ನೇ ನಂಬರಿನ ಜೋಡಿನೂ ಒಂದು ಸಲ ಹುಡುಕಿ.